ಎದುರು ಕುರ್ಚಿ

ಬೆಳಗಿನ ತಿಂಡಿಗೆ ಕೂತಿದ್ದಾಗ ಗೇಟಿನ ಚಿಲಕ ಸದ್ದು ಮಾಡಿತು. ಯಾರೋ ಎತ್ತಿ ಬಿಟ್ಟಂತೆ. ಒಂದು ಉಸಿರು ತಡೆದು, ಮತ್ತೆ ಎತ್ತಿ ಬಿಟ್ಟಂತೆ.

ತಿರುಮಲೇಶರ ಚಮಚ ಉಪ್ಪಿಟ್ಟಿನ ಮೇಲೆ ನಿಂತಿತು. ಎದುರಿಗೆ ಹೆಂಡತಿ ಪಂಕಜಾ ಉಪ್ಪಿನಕಾಯಿಯ ಹೋಳನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. ಅವರ ಕೈ ನಿಲ್ಲಲಿಲ್ಲ.

"ಕೊರಿಯರ್ ಇರಬೇಕು," ಎಂದು ತಿರುಮಲೇಶ ಎದ್ದರು.

"ಭಾನುವಾರವಾ?"

ತಿರುಮಲೇಶ ಹೊರಗೆ ಬಂದರು. ತ್ಯಾಗರಾಜನಗರದ ಆ ಬೀದಿ ಎಂದಿನಂತೆಯೇ ಇತ್ತು. ಹೊದಿಕೆ ಹಾಕಿದ ಕಾರು, ಕಾರಿನ ಕೆಳಗೆ ನಾಯಿ, ನಾಯಿಯ ಬೆನ್ನ ಮೇಲೆ ಉದುರಿದ ಹೊಂಗೆ ಹೂವು. ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಗೇಟಿನಲ್ಲಿ ಯಾರೂ ಇರಲಿಲ್ಲ. ಇದ್ದರೂ ಚಿಲಕ ಎತ್ತುವ ಹಾಗಿರಲಿಲ್ಲ, ಏಕೆಂದರೆ ಅದನ್ನು ಅವರೇ ತಂತಿ ಸುತ್ತಿ ಇಕ್ಕಳದಿಂದ ತಿರುಚಿ ಬಿಗಿದಿದ್ದರು. "ಗಾಳಿಗೆ ಬಡ್ಕೊಳ್ಳುತ್ತೆ" ಎಂದು ಪಂಕಜಾಗೆ ಕಾರಣ ಹೇಳಿದ್ದರು. ಅಂದಿನಿಂದ ಮನೆಗೆ ಬರುವವರೆಲ್ಲ ಪಕ್ಕದ ಕಾರಿನ ಗೇಟು ಹಾದು ಬರಬೇಕು. ಹಾಲಿನವನಿಗಂತೂ ಅಷ್ಟು ತಾಳ್ಮೆ ಇಲ್ಲ. ಪ್ಯಾಕೆಟ್ಟನ್ನು ಕಾಂಪೌಂಡಿನ ಮೇಲಿಂದ ಎಸೆದು ಹೋಗುತ್ತಾನೆ.

ಮಗ ಚಿರಂತ್ ಯಾವತ್ತೂ ಬೆಲ್ ಒತ್ತಿದವನಲ್ಲ. ಗೇಟಿನ ಮೇಲಿಂದ ಕೈ ಇಳಿಬಿಟ್ಟು ಚಿಲಕವನ್ನು ಎರಡು ಸಲ ಕುಟ್ಟಿ, ಒಳಗಿನಿಂದ ಅಮ್ಮ "ಬಂದೆ ಮಹಾರಾಯ" ಎನ್ನುವವರೆಗೆ ಅಲ್ಲೇ ನಿಂತಿರುತ್ತಿದ್ದ. ತಾನೇ ಗೇಟು ತೆಗೆದು ಒಳಗೆ ಬರಲು ಅವನಿಗೇನೂ ಅಡ್ಡಿಯಿರಲಿಲ್ಲ. ಆದರೂ ನಿಂತಿರುತ್ತಿದ್ದ. ಕಳೆದ ವರ್ಷ ಇದೇ ಹೊಂಗೆ ಹೂವಿನ ದಿನಗಳಲ್ಲಿ, ಸಾಧಾರಣ ಜ್ವರವೆಂದು ಮಾತ್ರೆ ನುಂಗಿ ಮಲಗಿದವನು, ಜ್ವರ ಮಿದುಳಿಗೇರಿ ವಾರ ತುಂಬುವ ಮೊದಲೇ ಹೋಗಿಬಿಟ್ಟ. ಜೆ.ಪಿ. ನಗರದ ಕೋಚಿಂಗ್ ಸೆಂಟರಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದ. ಇನ್ನೂ ಮದುವೆಯಾಗಿರಲಿಲ್ಲ. ಬನಶಂಕರಿಯ ವಿದ್ಯುತ್ ಚಿತಾಗಾರದಲ್ಲಿ ಮಂತ್ರವಿಲ್ಲದೆ, ಭಟ್ಟರಿಲ್ಲದೆ ಸುಟ್ಟು ಬಂದರು. ಫಿಸಿಕ್ಸ್ ಮೇಷ್ಟ್ರಾಗಿ ನಿವೃತ್ತರಾದ ತಿರುಮಲೇಶ ತಂದೆಗೂ ಹಾಗೆಯೇ ಮಾಡಿದ್ದರು. ಮಗನಿಗೆ ಬೇರೆ ನ್ಯಾಯ ಹೇಗೆ?

ಬರುವ ಬುಧವಾರಕ್ಕೆ ವರ್ಷ. ಪಂಕಜಾ ಒಂದು ತಿಂಗಳಿನಿಂದ ಒಂದೇ ಮಾತು ಕೇಳುತ್ತಿದ್ದರು. ತಿಥಿ ಮಾಡಬೇಕು, ಅಪ್ಪನಾದವರು ಮಣೆಯ ಮೇಲೆ ಕೂತು ಎಳ್ಳುನೀರು ಬಿಡಬೇಕು. ತಿರುಮಲೇಶರದ್ದೂ ಒಂದೇ ಉತ್ತರ. "ನಂಬದೇ ಇರೋ ಕೆಲಸಾನ ನನ್ನ ಕೈಲಿ ಮಾಡಿಸ್ಬೇಡ. ಅದು ಅವನಿಗೂ ಅವಮಾನ, ನನಗೂ."

ಒಳಗೆ ಬಂದಾಗ ಪಂಕಜಾ ತಟ್ಟೆ ತೊಳೆದಿಟ್ಟು, ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು ನಿಂತಿದ್ದರು.

"ಯಾರಿದ್ರು?"

"ಯಾರೂ ಇಲ್ಲ. ನೀನೆಲ್ಲಿಗೆ ಹೊರಟೆ?"

"ನಿಮ್ ಜೊತೆಗೇ. ಬಳಗಕ್ಕೆ."

ಭಾನುವಾರದ ಬಳಗಕ್ಕೆ ಅವರು ಎಂದೂ ಬಂದವರಲ್ಲ. "ದೇವರಿಲ್ಲ ಅನ್ನಕ್ಕೆ ಅಷ್ಟು ಜನ ಯಾಕ್ರೀ ಸೇರ್ಬೇಕು, ಒಬ್ರು ಸಾಲ್ದಾ" ಎಂದು ನಗುತ್ತಿದ್ದವರು.

*

ಜಯನಗರದಲ್ಲಿ, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ಬಳಗ ಸೇರುತ್ತಿತ್ತು. ನಿವೃತ್ತ ಮೇಷ್ಟ್ರುಗಳು, ವಕೀಲರು, ಬ್ಯಾಂಕಿನವರು, ಹಿಂದಿನ ಸಾಲಿನಲ್ಲಿ ಕೆಲವು ಹುಡುಗ ಹುಡುಗಿಯರು. ಮೂಲೆಯ ಮೇಜಿನ ಮೇಲೆ ಕಾಫಿಯ ಫ್ಲಾಸ್ಕು, ಬೇಕರಿಯ ಖಾರ ಬನ್ನು. ಎದುರುಗಡೆ ಗೋಡೆಗೆ ಬೆನ್ನು ಮಾಡಿ ಒಂದೇ ಒಂದು ಕಬ್ಬಿಣದ ಕುರ್ಚಿ. ಅದನ್ನು ಎಲ್ಲರೂ ಎದುರು ಕುರ್ಚಿ ಎನ್ನುತ್ತಿದ್ದರು.

ಅದನ್ನು ಶುರುಮಾಡಿದವರು ಬಳಗದ ಅಧ್ಯಕ್ಷರಾದ ತಿರುಮಲೇಶರೇ. ಒಂದೇ ಮಾತನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತಾ ಕೂತರೆ ಬುದ್ಧಿ ತುಕ್ಕು ಹಿಡಿಯುತ್ತದೆ ಎಂದು ಅವರು ಮಾಡಿದ ನಿಯಮ. ಆ ಕುರ್ಚಿಯಲ್ಲಿ ಕೂತವರು ತಾವು ನಂಬದ್ದನ್ನೇ ವಾದಿಸಬೇಕು, ಅದೂ ಮನಸ್ಸಿಟ್ಟು. ಕೊನೆಗೆ ಅಧ್ಯಕ್ಷರು "ಒಪ್ಪಿದವರು ಕೈ ಎತ್ತಿ" ಎನ್ನುತ್ತಾರೆ. ಯಾರೂ ಎತ್ತುವುದಿಲ್ಲ. "ವಾದ ಬಿತ್ತು" ಎಂದು ಅಧ್ಯಕ್ಷರು ಸಾರುತ್ತಾರೆ, ಎಲ್ಲರೂ ನಗುತ್ತಾರೆ, ಬನ್ನು ಹಂಚುತ್ತಾರೆ. ಆ ಕುರ್ಚಿಯ ರಾಜ ಚಿರಂತ್. ಜಾತಕ, ಪುನರ್ಜನ್ಮ, ವಾಸ್ತು, ಯಾವುದನ್ನು ಕೊಟ್ಟರೂ ಅಂಗಿಯ ಮೇಲೆ ಟವೆಲ್ಲು ಹೊದ್ದು ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ. ಅವನು ಹೋದ ಮೇಲೆ ಆ ಕುರ್ಚಿಗೆ ಇವತ್ತೇ ಮೊದಲ ಸಲ ಸರದಿ. ವಿಷಯ ಬಿಳಿ ಹಲಗೆಯ ಮೇಲಿತ್ತು: 'ಸತ್ತವರು ಇದ್ದಾರೆ.' ವಾದಿಸಬೇಕಾದವನು ಚಿರಂತನ ಗೆಳೆಯ ಶ್ರೀಕರ್.

ಆದರೆ ಸಭೆ ಶುರುವಾದಾಗ ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂತವರು ಪಂಕಜಾ. ಕೂತು, ಸೆರಗನ್ನು ಮಂಡಿಯ ಮೇಲೆ ಸರಿಮಾಡಿಕೊಂಡರು.

ತಿರುಮಲೇಶ ಶ್ರೀಕರನ ಕಡೆ ನೋಡಿದರು.

"ಆಂಟಿ ಫೋನ್ ಮಾಡಿದ್ರು ಸರ್," ಶ್ರೀಕರ್ ಕತ್ತು ತುರಿಸಿಕೊಂಡ. "ನಿನ್ ಟರ್ನ್ ನಂಗೆ ಕೊಡು ಅಂದ್ರು. ಹೇಗ್ ಸರ್ ಇಲ್ಲ ಅನ್ಲಿ?"

"ಅಧ್ಯಕ್ಷರೇ, ನಿಯಮದ ಪ್ರಶ್ನೆ," ಮುಂದಿನ ಸಾಲಿನಿಂದ ಸುಧಾಮಣಿ ಎದ್ದರು. ಮೂವತ್ತು ವರ್ಷ ಕೋರ್ಟಿನಲ್ಲಿ ವಾದಿಸಿ ಬಂದವರು. ಕಾಫಿ ಕೇಳಿದರೂ ಅರ್ಜಿ ಹಾಕಿದಂತೆ ಕೇಳುತ್ತಿದ್ದರು. "ಎದುರು ಕುರ್ಚಿಯಲ್ಲಿ ಕೂರೋರು ನಂಬದೇ ಇರೋದನ್ನ ವಾದಿಸ್ಬೇಕು. ಪಂಕಜಾ ಅವರ ಮನೇಲಿ ದಿನಾ ಪೂಜೆ ಆಗುತ್ತೆ. ಅವರು ಕೊಟ್ಟಿರೋ ಪಂಚಕಜ್ಜಾಯ ಈ ಬಳಗದಲ್ಲಿ ತಿನ್ನದೇ ಇರೋರು ಯಾರೂ ಇಲ್ಲ, ನಾನೂ ಸೇರಿ. ಹೀಗಾದ್ರೆ ಇದು ವಾದ ಅಲ್ಲ, ಪ್ರವಚನ."

ನಗು ಎದ್ದಿತು. ಪಂಕಜಾ ಕೂಡ ನಕ್ಕರು.

"ನಿಯಮ ಮುರಿದಿಲ್ಲ ಸುಧಾಮಣಿ. ನಾನೂ ನಂಬಲ್ಲ."

"ಅಂದ್ರೆ?"

"ದೀಪ ಹಚ್ತೀನಿ. ಕೈ ಹಚ್ಚುತ್ತೆ, ಅಭ್ಯಾಸ. ಚಿರಂತನ್ನ ಬಿಟ್ಟು ಮನೆಗೆ ಬಂದ ದಿನ ದೇವರ ಮನೆ ಬಾಗಿಲು ತೆಗೆದೆ. ಪಾತ್ರೆ ಇಡೋ ಕಪಾಟು ತೆಗೆದ ಹಾಗಿತ್ತು. ಬೆಳ್ಳಿ ಇತ್ತು, ಹಿತ್ತಾಳೆ ಇತ್ತು. ಅಷ್ಟೇ ಇತ್ತು. ಒಂದು ವರ್ಷದಿಂದ ಅಷ್ಟೇ ಇದೆ."

ಸುಧಾಮಣಿ ಕೂತರು. ತಿರುಮಲೇಶರಿಗೆ ತಮ್ಮ ಕೈಯಲ್ಲಿದ್ದ ಪೆನ್ನು ಎಲ್ಲಿ ಹೋಯಿತೆಂದು ತಿಳಿಯಲಿಲ್ಲ; ಅದು ಮೇಜಿನ ಕೆಳಗೆ ಉರುಳಿಹೋಗಿತ್ತು. ವರ್ಷವಿಡೀ ಬೆಳಗ್ಗೆ ಪೂಜೆಯ ಗಂಟೆಯ ಸದ್ದು ಕೇಳಿದಾಗಲೆಲ್ಲ, ಸದ್ಯ ಇವಳಿಗೆ ಅದಾದರೂ ಇದೆಯಲ್ಲ ಎಂದುಕೊಂಡೇ ಅವರು ಪೇಪರು ಓದುತ್ತಿದ್ದರು.

"ಸರಿ," ಎಂದರು, ಬಗ್ಗಿ ಪೆನ್ನು ಎತ್ತಿಕೊಂಡು. "ವಾದ ಮಂಡಿಸಿ."

"ನಂಗೆ ಫಿಸಿಕ್ಸ್ ಬರಲ್ಲ. ಫಿಸಿಕ್ಸ್ ಮೇಷ್ಟ್ರಿಗೆ ಅಡುಗೆ ಮಾಡಿ ಹಾಕಿದೀನಿ, ಅದೊಂದೇ ನನ್ನ ಕ್ವಾಲಿಫಿಕೇಶನ್ನು." ಮತ್ತೆ ನಗು. "ಸತ್ತವರು ಇದ್ದಾರೆ ಅಂತ ನಾನು ಹೇಳ್ಬೇಕು. ಇಲ್ಲ ಅಂತ ನೀವು ಹೇಳಿ. ಶ್ರೀಕರ, ನೀನೇ ಹೇಳೋ."

ಶ್ರೀಕರ್ ಹಿಂಜರಿದ. "ಆಂಟಿ, ನೀವು ಹೇಳಿದ್ದಕ್ಕೇ ಹೇಳ್ತಿದೀನಿ. ನೆನಪು ಇರುತ್ತೆ. ನೆನಪು ನಮ್ ತಲೇಲಿ ಇರುತ್ತೆ. ನಾವು ಹೋದ್ರೆ ಅದೂ ಹೋಗುತ್ತೆ. ಹೊರಗಡೆ ಏನೂ ಇಲ್ಲ."

"ನೆನಪು ಅಂದ್ರೆ ನಾವು ಕರೆದಾಗ ಬರೋದು ತಾನೆ? ಅವನಿಗೆ ಹುರುಳಿಕಾಳು ಸಾರು ಇಷ್ಟ ಅಂತ ಇವತ್ತು ಮಾಡಿಟ್ಟು ಬಂದಿದೀನಿ. ಅದು ನೆನಪು. ನಾನು ಕರೆದೆ, ಬಂತು. ಕರೀದೇ ಬರೋದಕ್ಕೆ ಏನಂತೀರಾ?"

"ಅದೂ ನೆನಪೇ. ಮಿದುಳು ತಾನಾಗೇ..."

"ಇರು. ನನ್ನ ಕಡೆ ಒಬ್ಬ ಸಾಕ್ಷಿ ಇದ್ದಾರೆ. ಸುಧಾಮಣಿ, ಸಾಕ್ಷಿ ಕರೀಬಹುದು ಅಲ್ವಾ?"

"ಕರೀಬಹುದು," ಎಂದರು ಸುಧಾಮಣಿ, ತುಸು ಉತ್ಸಾಹದಿಂದಲೇ.

"ಅಧ್ಯಕ್ಷರು."

ಕೆಳಗೆ ಕ್ಲಿನಿಕ್ಕಿನಲ್ಲಿ ಯಾರದೋ ಹಲ್ಲು ಕೊರೆಯುವ ಯಂತ್ರ ಒಂದು ಗಳಿಗೆ ಕೀರಿ ನಿಂತಿತು.

ಪಂಕಜಾ ಗಂಡನ ಕಡೆ ತಿರುಗಲಿಲ್ಲ. ಸಭೆಗೇ ಹೇಳಿದರು. "ಇವರು ಊಟದ ಮಧ್ಯೆ ಎದ್ದು ಹೋಗ್ತಾರೆ. ತುತ್ತು ಎತ್ತಿದ ಕೈ ಹಾಗೇ ನಿಲ್ಲುತ್ತೆ. ಆಮೇಲೆ ಎದ್ದು ಗೇಟಿನ ಹತ್ರ ಹೋಗ್ತಾರೆ. ಕೇಳಿದ್ರೆ ಕೊರಿಯರ್, ಕೇಳಿದ್ರೆ ಪೇಪರ್ ಬಿಲ್ಲು. ನಂಗೇನೂ ಕೇಳ್ಸಲ್ಲ. ಇವರಿಗೆ ಏನು ಕೇಳ್ಸುತ್ತೆ ಅಂತ ಇವರೇ ಹೇಳ್ಲಿ. ನೋಡಿದ್ದನ್ನ ಹೇಳಿ, ನಂಬಿದ್ದನ್ನಲ್ಲ ಅಂತ ನಿಮಗೆಲ್ಲ ಪಾಠ ಮಾಡಿರೋರು ಇವರೇ ಅಲ್ವಾ?"

ತಿರುಮಲೇಶ ಹೇಳದೇ ಇರಬಹುದಿತ್ತು. ಇದು ಮನೆಯ ವಿಷಯ, ಬೇಡ ಎಂದಿದ್ದರೆ ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಿದ್ದನ್ನು ತಿರುಮಲೇಶ ನೋಡಿದರು. ಆ ಮಕ್ಕಳ ಎದುರಿಗೆ ಎಷ್ಟೋ ಭಾನುವಾರ ನಿಂತು, ಸತ್ಯಕ್ಕೆ ನಾಚಿಕೆ ಇಲ್ಲ ಎಂದು ಹೇಳಿದ್ದು ತಮ್ಮದೇ ಬಾಯಿ.

"ಚಿಲಕ ಕೇಳ್ಸುತ್ತೆ," ಎಂದರು. "ಗೇಟಿಂದು. ಅವನು ಕುಟ್ತಾ ಇದ್ದ ಹಾಗೆ."



"ಪರೀಕ್ಷೆ ಮಾಡಿದೀನಿ," ಅವರ ದನಿ ತರಗತಿಯ ದನಿಯಾಗಲು ಪ್ರಯತ್ನಿಸಿತು. "ಮೊದಲು ಎಣ್ಣೆ ಬಿಟ್ಟೆ. ನಿಲ್ಲಲಿಲ್ಲ. ಆಮೇಲೆ ಒಂದು ಬಸ್ ಟಿಕೆಟ್ ಮಡಿಸಿ ಚಿಲಕದ ಸಂದಿಗೆ ಸಿಕ್ಕಿಸಿದೆ. ಚಿಲಕ ಕೂದಲೆಳೆಯಷ್ಟು ಎದ್ದರೂ ಟಿಕೆಟ್ ಬೀಳಬೇಕು. ಸದ್ದು ಕೇಳಿಸ್ತು. ಹೋಗಿ ನೋಡಿದೆ. ಟಿಕೆಟ್ ಅಲ್ಲೇ ಇತ್ತು. ಬೇರೆ ಬೇರೆ ದಿನ ಮಾಡಿ ನೋಡಿದೆ. ಅಲ್ಲೇ ಇತ್ತು. ಅಲ್ಲಿಗೆ ಸದ್ದು ಕಬ್ಬಿಣದಲ್ಲಿಲ್ಲ, ನನ್ನ ತಲೆಯಲ್ಲಿದೆ. ಅಷ್ಟೇ ತೀರ್ಮಾನ."

ಶ್ರೀಕರ್ ಉಸಿರು ಬಿಟ್ಟ. "ಹಾಗಾದ್ರೆ ಮುಗೀತಲ್ಲ ಆಂಟಿ. ಸರ್ ಅವರೇ ಪ್ರೂವ್ ಮಾಡಿದ್ರು. ಎಷ್ಟೋ ಜನಕ್ಕೆ ಹೀಗಾಗುತ್ತೆ, ಮಿದುಳು ಕಾಯ್ತಾ ಇರುತ್ತೆ, ಅದಕ್ಕೆ..."

"ಮುಗೀಲಿಲ್ಲ," ಎಂದರು ಪಂಕಜಾ. ಈಗ ಗಂಡನ ಕಡೆ ತಿರುಗಿದರು. "ಟಿಕೆಟ್ ಬೀಳ್ಲಿಲ್ಲ ಅಂತ ಗೊತ್ತಾಯ್ತು. ಸದ್ದು ನಿಮ್ಮ ತಲೇಲಿದೆ ಅಂತ ಗೊತ್ತಾಯ್ತು. ಆಮೇಲೆ ತಂತಿ ಯಾಕೆ ಕಟ್ಟಿದ್ರಿ?"

ಬಸ್ ಟಿಕೆಟ್ಟಿನ ವಿಷಯ ಅವರಿಗೆ ಈಗ ತಾನೇ ತಿಳಿದದ್ದು. ಆದರೂ ಈ ಪ್ರಶ್ನೆಗಾಗಿ ವರ್ಷವಿಡೀ ತಯಾರಾದವರಂತೆ ಕೇಳಿದರು.

ತಿರುಮಲೇಶ ಮೇಜಿನ ಮೇಲೆ ಅಂಗೈ ಇಟ್ಟರು. ಉತ್ತರ ಗೊತ್ತಿತ್ತು. ಇಕ್ಕಳ ಹಿಡಿದ ದಿನವೇ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ.

"ಒಳಗೆ ಬಂದುಬಿಟ್ರೆ ಅಂತ."

"ಮತ್ತೆ ಇವತ್ತು ಬೆಳಗ್ಗೆ ಉಪ್ಪಿಟ್ಟು ಬಿಟ್ಟು ಎದ್ದು ಹೋದ್ರಲ್ಲ. ತಂತಿ ಬಿಗಿಯಾಗೇ ಇದೆ. ಯಾಕೆ ಹೋದ್ರಿ?"

"ಹೊರಗೇ ನಿಂತಿದ್ರೆ ಅಂತ."

ಸುಧಾಮಣಿ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

"ನನ್ನ ವಾದ ಇಷ್ಟೇ," ಎಂದರು ಪಂಕಜಾ. "ಗೊತ್ತಿರೋದು ಒಂದು. ಎದ್ದು ಹೋಗೋದು ಇನ್ನೊಂದು. ನನ್ನತ್ತೆ ವರ್ಷಾ ವರ್ಷಾ ಇವರ ತಾತಂಗೆ ಎಡೆ ಇಡೋರು. ಅವರು ಬಂದು ತಿಂತಾರೇನಮ್ಮ ಅಂತ ಇವರು ರೇಗಿಸೋರು. ಅತ್ತೆ ಏನನ್ನೋರು ಗೊತ್ತಾ? ತಿನ್ನೋದು ಬಿಡೋದು ಅವರಿಷ್ಟ ಕಣೋ, ಇಡೋದು ನಂದು ಅನ್ನೋರು. ನೀವೆಲ್ಲ ದೇವರು ಇದಾನಾ, ಆತ್ಮ ಇದೆಯಾ ಅಂತ ಕೇಳ್ತೀರಿ. ಸಂದೀಲಿ ಟಿಕೆಟ್ ಇಟ್ಟು ನೋಡ್ತೀರಿ. ನೋಡಿ, ಬೇಡ ಅನ್ನಲ್ಲ. ಆದ್ರೆ ಮೊದಲು ಎದ್ದು ಗೇಟಿಗೆ ಹೋಗೋ ಕಾಲಿದೆಯಲ್ಲ, ಅದು ಸುಳ್ಳಾ? ಆ ಕಾಲಿಗೆ ನಾವು ನಂಬಿಕೆ ಅಂತಿದ್ವಿ. ಇವರಿಗಿದೆ ಅದು. ನಂಗೆ ಹೋಗಿಬಿಟ್ಟಿದೆ."

ಅವರ ದನಿ ಅಲ್ಲಿಯವರೆಗೂ ನಡುಗಿರಲಿಲ್ಲ. ಈಗಲೂ ನಡುಗಲಿಲ್ಲ, ಸಣ್ಣದಾಯಿತು.

"ನಂಗೆ ಒಂದ್ ಸಲಾನೂ ಕೇಳ್ಸಿಲ್ಲ. ಅಷ್ಟು ದಿನಾ ದೀಪ ಹಚ್ಚಿದ್ದು ನಾನು, ಕೇಳ್ಸೋದು ಇವರಿಗೆ. ನಡುಮನೇಲಿ ಕೂತ್ಕೊಂಡು ಕಿವಿಗೊಟ್ಟು ಕಾಯ್ತೀನಿ. ಫ್ರಿಜ್ ಗುಂಯ್ ಅನ್ನುತ್ತೆ. ಅಷ್ಟೇ."

ಶ್ರೀಕರ್ ತಲೆ ತಗ್ಗಿಸಿದ.

"ಬುಧವಾರ ವರ್ಷ. ಇವರು ಮಣೆ ಮೇಲೆ ಕೂರ್ಬೇಕು ಅಂತ ಕೇಳ್ದೆ. ನಂಬದೇ ಇರೋದು ಮಾಡಲ್ಲ ಅಂದ್ರು. ಸರಿ. ಆದ್ರೆ ಈ ಕುರ್ಚಿ ಮಾಡಿಟ್ಟಿರೋರು ಯಾರು? ನಂಬದೇ ಇರೋದನ್ನ ಮನಸ್ಸಿಟ್ಟು ಮಾಡು, ಬುದ್ಧಿಗೆ ಒಳ್ಳೇದು ಅಂದೋರು ಯಾರು? ನಾನು ಕೂತಿಲ್ವಾ ಈಗ? ಮನಸ್ಸಿಟ್ಟೇ ಕೂತಿದೀನಿ. ನಂಗೇನೂ ಅವಮಾನ ಆಗಿಲ್ಲ. ಚಿರಂತಂಗೆ ಆಗಿದೆಯಾ?" ಅವರು ಸಭೆಯತ್ತ ನೋಡಿದರು. "ನಂದು ಮುಗೀತು. ಕೈ ಎತ್ತಿಸಿ ಅಧ್ಯಕ್ಷರೇ."

ತಿರುಮಲೇಶ ಎದ್ದು ನಿಂತರು. ನಿಲ್ಲಲೇಬೇಕಿತ್ತು.

"ಒಪ್ಪಿದವರು ಕೈ ಎತ್ತಿ."

ಯಾರ ಕೈಯೂ ಮೇಲೇಳಲಿಲ್ಲ. ಸತ್ತವರು ಇದ್ದಾರೆ ಎಂದು ಅಲ್ಲಿ ಯಾರೂ ಒಪ್ಪಿರಲಿಲ್ಲ. ಒಪ್ಪಿಲ್ಲವೆಂದು ತೋರಿಸಿಕೊಳ್ಳಲೂ ಯಾರಿಗೂ ಮನಸ್ಸಿರಲಿಲ್ಲ. ಅಧ್ಯಕ್ಷರಿಗೆ ಕೈ ಎತ್ತುವ ಅಧಿಕಾರ ಇರಲಿಲ್ಲ. ಆ ನಿಯಮವನ್ನೂ ಅವರೇ ಮಾಡಿದ್ದು.

"ವಾದ ಬಿತ್ತು," ಎಂದರು.

ನಗು ಬರಬೇಕಾದ ಜಾಗದಲ್ಲಿ ನಗು ಬರಲಿಲ್ಲ. ಆ ಖಾಲಿಯೊಳಗೆ, ಟವೆಲ್ಲು ಕೊಡವಿಕೊಂಡು ಎದ್ದು ಬಾಗಿ ಎಲ್ಲರಿಗೂ ನಮಸ್ಕಾರ ಹಾಕುವ ಒಬ್ಬನ ಜಾಗವಿತ್ತು. ಕೋಣೆಯಲ್ಲಿದ್ದವರೆಲ್ಲ ಅದನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪಂಕಜಾ ಮಾತ್ರ ಎದ್ದು ಹೋಗಿ ಫ್ಲಾಸ್ಕಿನ ಮುಚ್ಚಳ ತೆಗೆದು, "ಕಾಫಿ ಆರೋಗುತ್ತೆ, ಬನ್ನಿ ಎಲ್ರೂ" ಎಂದರು.

*

ಆಟೋದಲ್ಲಿ ಮನೆಗೆ ಹೊರಟರು. ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಒಬ್ಬ ಮಲ್ಲಿಗೆ ಹೂವಿನ ಮಾಲೆ ಒಳಗೆ ಚಾಚಿದ. ಪಂಕಜಾ ಬೇಡವೆಂದು ತಲೆಯಾಡಿಸಿದರು. ತಿರುಮಲೇಶ ಒಂದು ಮೊಳ ಕೊಂಡು ಅವರ ತೊಡೆಯ ಮೇಲಿಟ್ಟರು.

ಮನೆಯ ಮುಂದೆ ಇಳಿದಾಗ ಪಂಕಜಾ ಅಭ್ಯಾಸದಂತೆ ಕಾರಿನ ಗೇಟಿನ ಕಡೆ ನಡೆದರು. ಚಪ್ಪಲಿ ಬಿಟ್ಟು ಹಿಂತಿರುಗಿ ನೋಡಿದರೆ ತಿರುಮಲೇಶ ಹಿಂದೆ ಇರಲಿಲ್ಲ. ಶೆಡ್ಡಿನಿಂದ ಇಕ್ಕಳ ತಂದು ಚಿಕ್ಕ ಗೇಟಿನ ಎದುರು ನಿಂತಿದ್ದರು. ತಂತಿ ತುಕ್ಕು ಹಿಡಿದಿತ್ತು. ತಿರುಚಿದಾಗ ಒಂದು ತುದಿ ಬೆರಳಿಗೆ ಚುಚ್ಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಮತ್ತೆ ತಿರುಚಿದರು. ಕೊನೆಯ ಸುತ್ತು ಬಿಚ್ಚಿದಾಗ ಸಂದಿಯಿಂದ ಮಡಿಸಿದ ಬಸ್ ಟಿಕೆಟ್ಟು ಕೆಳಗೆ ಬಿತ್ತು. ಬಣ್ಣ ಹೋಗಿ ಬರೀ ಕಾಗದವಾಗಿತ್ತು. ನಾಯಿ ಬಂದು ಮೂಸಿ ಹೋಯಿತು.

"ಮಣೆ ಮೇಲೆ ಕೂರೋಕೆ ನನ್ನ ಮಂಡಿ ಮಡಚಲ್ಲ," ಎಂದರು, ಆಕಡೆಯೇ ಮುಖ ಮಾಡಿ.

ಪಂಕಜಾ ಅಲ್ಲಿಂದಲೇ ಹೇಳಿದರು. "ಭಟ್ರನ್ನ ಕೇಳಿದೀನಿ. ಕುರ್ಚಿ ಹಾಕ್ಕೊಳ್ಬಹುದಂತೆ."

"ಅದನ್ನೂ ಕೇಳಿಟ್ಟಿದೀಯಾ."

"ಹೂಂ."

"ನಾನು ನಂಬಿ ಕೂರಲ್ಲ ಪಂಕಜಾ."

"ಗೊತ್ತು. ನಾನೂ ನಂಬಿ ಅಡುಗೆ ಮಾಡಲ್ಲ. ಕೈಕಾಲು ತೊಳ್ಕೊಂಡು ಬನ್ನಿ."

ಊಟಕ್ಕೆ ಕೂತರು. ಹೊರಗೆ ಮಟಮಟ ಮಧ್ಯಾಹ್ನ. ಹುರುಳಿಕಾಳು ಸಾರಿನ ಘಮ ನಡುಮನೆಯಲ್ಲಿ ತುಂಬಿತ್ತು. ಬೀದಿಯಲ್ಲಿ ಒಂದು ಸ್ಕೂಟರು ಹಾದುಹೋಯಿತು, ಅದು ಹೋದ ಮೇಲೆ ಇನ್ನೂ ಹೆಚ್ಚಿನ ಮೌನ. ತಿರುಮಲೇಶ ಅನ್ನದಲ್ಲಿ ಗುಳಿ ಮಾಡಿ ಸಾರು ಬಿಟ್ಟುಕೊಂಡು ಕಲೆಸಿದರು. ಮೊದಲ ತುತ್ತು ತಿಂದರು. ಎರಡನೆಯದನ್ನು ಎತ್ತಿದರು.

ಕೈ ನಿಂತಿತು.

ಎದ್ದು ಹೋಗಬಾರದು ಎಂದುಕೊಂಡರು. ತಂತಿ ಬಿಚ್ಚಿದ್ದೇನೆ, ಬರುವುದಾದರೆ ಬರಲಿ. ತುತ್ತನ್ನು ಬಾಯಿಗಿಡಲು ಹೊರಟರು. ಕೈ ಅಲ್ಲೇ ಇತ್ತು. ಬೆರಳ ಸಂದಿಯಿಂದ ಸಾರು ಮುಂಗೈಗೆ ಇಳಿಯಿತು.

ಪಂಕಜಾ ಆ ಕೈಯನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಏನನ್ನೂ ಕೇಳಿಸಿಕೊಂಡ ಲಕ್ಷಣವಿರಲಿಲ್ಲ. ಕಿವಿಗೊಟ್ಟು ಸೋತವರ ಮುಖ ಅದು. ಒಳಗೆ ಫ್ರಿಜ್ಜು ಗುಂಯ್ ಎನ್ನುತ್ತಿತ್ತು.

ಅವರು ಎಂಜಲು ಕೈಯನ್ನು ದೂರ ಹಿಡಿದು, ಎಡಗೈ ಊಟದ ಮೇಜಿಗೂರಿ, ಮೆಲ್ಲಗೆ ಎದ್ದರು.

"ನೀವು ತಿನ್ನಿ," ಎಂದರು. "ನಾನು ಹೋಗ್ತೀನಿ."

ಬಾಗಿಲು ದಾಟಿ ಹೋಗುವ ಅವರ ಬರಿಗಾಲಿನ ಸದ್ದು ಕೇಳಿಸಿತು, ಮೆಟ್ಟಿಲು, ಆಮೇಲೆ ಒಣಗಿದ ಹೂವಿನ ಮೇಲೆ. ಚಿಲಕ ಎತ್ತಿದ ಸದ್ದಾಯಿತು. ಗೇಟು ಬಹಳ ದಿನದ ಮೇಲೆ ಕಿರುಗುಟ್ಟಿ ತೆರೆದುಕೊಂಡಿತು.

"ಬಂದೆ ಮಹಾರಾಯ," ಎಂದರು ಪಂಕಜಾ, ಹೊರಗೆ.

ಆಮೇಲೆ ಅವರು ಗೇಟು ಮುಚ್ಚುವುದಕ್ಕೆ ತಿರುಮಲೇಶ ಕಾದರು. ಎಷ್ಟು ಹೊತ್ತಾದರೂ ಮುಚ್ಚುವ ಸದ್ದು ಬರಲಿಲ್ಲ.